ಗುಂಡಿಯ ಹಿಂದಿನ ಗಂಟು

ಹನ್ನೆರಡನೇ ತಾರೀಖು, ಮಂಗಳವಾರ
ನನ್ನ ಹೊಲಿಗೆ ಅಂಗಡಿ, ಶಟರ್ ಅರ್ಧ ಎಳೆದಿದೀನಿ

ಪ್ರೀತಿಯ ಅಕ್ಕಾ,

ಹೇಗಿದೀಯ? ಮಂಡಿನೋವು ಇಳೀತಾ? ಭಾವ ಈಗಲೂ ಕನ್ನಡಕ ಹಣೆ ಮೇಲಿಟ್ಕೊಂಡು ಮನೆಯೆಲ್ಲಾ ಹುಡುಕ್ತಾರಾ? ಕಾಗದ ಬರೆಯೋಣ ಅಂತ ಕೂತೆ, ಆದ್ರೆ ಈಚೆಗೆ ಕೈಯನ್ನ ನಂಬೋಕಾಗ್ತಿಲ್ಲ. ಅದಕ್ಕೇ ಫೋನಿಗೆ ಮಾತಾಡಿ ಕಳಿಸ್ತಿದೀನಿ. ಬಾಯಿ ಇನ್ನೂ ನನ್ನದೇ. ಐವತ್ತಾದ್ರೂ ಮುಚ್ಚಿಲ್ಲ, ನಿನಗೆ ಗೊತ್ತಲ್ಲ.

ವಿಷಯ ಏನಪ್ಪಾ ಅಂದ್ರೆ, ಅಂಗಡೀಲಿ ನನ್ನ ಬದಲು ಯಾರೋ ಹೊಲೀತಿದಾರೆ. ನಗಬೇಡ. ಶುಕ್ರವಾರ ವಕೀಲರ ಕಪ್ಪು ಕೋಟು ಕತ್ತರಿಸಿದ್ದು ನಾನೇ, ಅದು ಖಾತ್ರಿ. ಆಮೇಲೆ ತೋಳು ಕೂರಿಸಿದ್ದು, ಲೈನಿಂಗ್ ಹಾಕಿದ್ದು, ಗುಂಡಿ ಹೊಲಿದಿದ್ದು ಯಾರದೋ ಎರಡು ಕೈ. ಹೆಬ್ಬೆರಳಲ್ಲಿ ನನ್ನ ಗಾಯದ ಗುರುತೂ ಇತ್ತು. ನಾನು ಮಾತ್ರ ಅಳತೆ ಕೊಡೋಕೆ ಬಂದ ಗಿರಾಕಿ ಥರ ಆಚೆ ನಿಂತು ನೋಡ್ತಿದ್ದೆ. ನನ್ನವಳನ್ನ ಕೇಳಿದ್ರೆ, "ನೀವೇ ಕಣ್ರೀ ಹೊಲಿದಿದ್ದು, ನಾನೇ ಊಟ ತಂದ್ಕೊಟ್ಟೆ" ಅಂತಾಳೆ. ಅವಳು ಕರ್ಕೊಂಡ್ಹೋಗಿ ತೋರಿಸಿದ ಡಾಕ್ಟರೂ ಅದನ್ನೇ ಅಂತಾರೆ. ಇಬ್ಬರೂ ಮೊದಲೇ ಮಾತಾಡ್ಕೊಂಡಿರಬೇಕು. "ನಾನು ಅನ್ನೋದರ ಹೊಲಿಗೆ ಸ್ವಲ್ಪ ಸಡಿಲ ಆಗಿದೆ, ಒಂದೊಂದು ಕಾಯಿಲೇಲಿ ಒಂದೊಂದು ಕಡೆ ಬಿಚ್ಕೊಳ್ಳುತ್ತೆ" ಅಂದ್ರು ಡಾಕ್ಟರು. ನೋಡು, ದರ್ಜಿ ಹತ್ರ ಹೊಲಿಗೆ ಮಾತಾಡಿ ಪುಸಲಾಯಿಸ್ತಾರೆ. ಆಸ್ಪತ್ರೆ ಬೆಂಚಲ್ಲಿ ಪಕ್ಕ ಕೂತಿದ್ದ ಒಬ್ಬ ಮೇಷ್ಟ್ರು, ತಮ್ಮ ತಲೇಲಿರೋ ಯೋಚನೆ ಬೇರೆಯವರು ತುರುಕಿದ್ದು ಅಂದ್ರು. ಪಾಪ, ಇವರಿಗೆ ತಲೆ ಕೆಟ್ಟಿದೆ ಅಂದ್ಕೊಂಡೆ. ಅವರೂ ನನ್ನನ್ನ ಹಾಗೇ ನೋಡಿದ್ರು.

ಮಾತ್ರೆ ಕೊಟ್ಟಿದಾರೆ. ಬೆಳಗ್ಗೆ ಬೆಳಗ್ಗೆ ನನ್ನವಳು ಅಷ್ಟೊಂದು ಅಕ್ಕರೆಯಿಂದ ನೀರು ಹಿಡ್ಕೊಂಡು ನಿಂತ್ರೆ ಯಾರಿಗೆ ಅನುಮಾನ ಬರಲ್ಲ ಹೇಳು? ನಾಲಿಗೆ ಕೆಳಗಿಟ್ಕೊಂಡು ಅಂಗಡಿಗೆ ಬಂದು ಬಿಳಿ ಗುಂಡಿ ಡಬ್ಬೀಲಿ ಹಾಕ್ತಿದೀನಿ. ಅವಳಿಗೆ ಹೇಳಬೇಡ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡ್ಕೋ.

ನಿನ್ನ ತಮ್ಮ,
ಗುಂಡುಸೂಜಿ

ಮತ್ತೆ, ಅಕ್ಕಾ, ಫೋನ್ ಇಡೋಕೆ ಮುಂಚೆ ಇದೊಂದು. ಆ ಕೋಟಿನ ಒಂದು ಗುಂಡಿ ಬಿಚ್ಚಿ ನೋಡಿದೆ. ಹಿಂದೆ ನಮ್ಮ ಗಂಟೇ ಇದೆ, ಮೂರು ಸುತ್ತು, ಒಂದು ಹಿಂದಕ್ಕೆ. ಚಿಕ್ಕವನಿದ್ದಾಗ ನೀನು ಆಣೆ ಹಾಕಿಸ್ಕೊಂಡು ಕಲಿಸಿದ್ದು. ನಾನು ಯಾರಿಗೂ ತೋರಿಸಿಲ್ಲ. ನೀನು ಇನ್ಯಾರಿಗಾದ್ರೂ ಕಲಿಸಿದೀಯಾ? ನಿಜ ಹೇಳು, ನಿನ್ನ ಬಾಯಲ್ಲೇ ಹೇಳು. ಹೌದು ಅಂದ್ರೆ ನಾಳೆ ಬೀಗ ಬದಲಾಯಿಸ್ತೀನಿ. ಇಲ್ಲ ಅಂದ್ರೆ ಡಬ್ಬಿ ಬಗ್ಗಿಸಿ, ಗುಂಡಿ ಮಧ್ಯದಿಂದ ಮಾತ್ರೆ ಹೆಕ್ತೀನಿ.