ಕುರಿಹಿಕ್ಕೆಯ ಒಲೆ

…ಮತ್ತೆ ಮೊದಲಿಂದ ಶುರು ಮಾಡ್ತಿದೀನಿ, ಬೇಜಾರು ಮಾಡ್ಕಬ್ಯಾಡ ಕಣಕ್ಕ. ಬೆಳಿಗ್ಗೆಯಿಂದ ಫೋನಿನಾಗೆ ಮೂರು ಸಲ ಮಾತಾಡಿ ಮೂರು ಸಲ ಅಳಿಸಿದೀನಿ. ಒಂದ್ಸಲ ಗಾಳಿ ಸದ್ದೇ ಜಾಸ್ತಿ ಆತು. ಇನ್ನೊಂದ್ಸಲ ಮಧ್ಯದಾಗೆ ಯಾರೋ ಬಂದು ಬಾಗಿಲು ತಟ್ಟಿದ್ರು. ಮೂರನೇದು ಕೇಳಿಸ್ಕಂಡ್ರೆ, ಎಲ್ಲಾ ಚೆನ್ನಾಗೈತೆ ಚೆನ್ನಾಗೈತೆ ಅಂತ ಬರೀ ಸುಳ್ಳೇ ಹೇಳಿದ್ದೆ. ಲೇ ಹಾಲಸ್ವಾಮಿ, ಫೋನು ನಿನ್ನ ಕೈಯಾಗೇ ಇರ್ತೈತೆ ಅಂತ ಗೊತ್ತು, ನಿಮ್ಮವ್ವನ ಕಿವಿ ಹತ್ರ ಇಡಪ್ಪ, ಮಾವ ಕೊರೀತಾನೆ ಅಂತ ಮಧ್ಯದಾಗೆ ನಿಲ್ಲಿಸಬ್ಯಾಡ. ಕಾಗದ ಬರೆಯೋರ ಹಂಗೆ ಮೊದ್ಲು ಊರು ತಾರೀಖು ಹೇಳ್ಬಿಡ್ತೀನಿ. ಆಫ್ರಿಕಾದ ಲೆಸೋಥೋ ದೇಶ, ಬೆಟ್ಟದ ಮೇಲಿನ ನಮ್ಮ ಮಿಷನ್ ಮನೆ, ಜುಲೈ ಹನ್ನೆರಡು, ಶನಿವಾರ ಮಧ್ಯಾಹ್ನ. ಜವನಗೊಂಡನಹಳ್ಳಿಯಾಗಿರೋ ನನ್ನ ಚಿತ್ತಕ್ಕಂಗೆ ಓಬಳೇಶ ಮಾಡೋ ನಮಸ್ಕಾರ.

ಹೆಂಗಿದೀಯಕ್ಕ? ಮಣಕಾಲು ಹೆಂಗೈತೆ? ಹಿರಿಯೂರು ಡಾಕ್ಟ್ರು ಕೊಟ್ಟ ಪಟ್ಟಿ ಕಟ್ಕಂತಿದೀಯೋ, ಇಲ್ಲ ಗೂಟಕ್ಕೆ ನೇತಾಕಿದೀಯೋ? ನೇತಾಕಿರ್ತೀಯ, ನಂಗೊತ್ತು. ಈ ಕಾಲಿಟ್ಕಂಡು ನನ್ನ ಮೂವತ್ತು ಕುರಿ ಹಿಂದೆ ತಿರುಗ್ತೀಯಲ್ಲ, ಅದು ನೆನೆಸ್ಕಂಡ್ರೆ ಅನ್ನ ಇಳಿಯಲ್ಲ. ಹೊರಡೋ ದಿನ ಬಸ್‌ಸ್ಟಾಂಡಿನಾಗೆ ನೀನಂದಿದ್ದು ಇನ್ನೂ ಕಿವಿಯಾಗೈತೆ. “ಲೇ, ಎರಡು ವರ್ಷ ಅಂದ್ರೆ ಎರಡೇ ವರ್ಷ. ಮೂರನೇದಕ್ಕೆ ನನ್ನ ಕಾಲು ಬರಾಕಿಲ್ಲ. ದೀಪಾವಳಿಗೆ ಬಂದು ನಿನ್ನ ಕುರಿ ನೀನು ಹೊಡ್ಕಂಡು ಹೋಗು.” ಆಮೇಲೆ ಕಂಬಳಿ ಹೆಗಲಿಗೆ ಹಾಕಿದ್ದೆ. “ನಮ್ಮ ಕುರಿ ಉಣ್ಣೆ, ನಾನೇ ನೂತಿದ್ದು, ಇನ್ನೊಬ್ಬರಿಗೆ ಹೊದಿಸಬ್ಯಾಡ” ಅಂದಿದ್ದೆ. ಕಂಬಳಿ ಐತೆ, ಚೆನ್ನಾಗೈತೆ. ಅದರ ಮಾತು ಆಮೇಲೆ ಆಡಾಣ.

ನಮ್ಮದು ಕೇಳ್ತೀಯ. ನಿನ್ನ ತಮ್ಮನ ಹೆಂಡ್ತಿ ರೋಜಾ ಆರಾಮವಾಗಿದಾಳೆ, ಕ್ಲಿನಿಕ್ಕಿನಾಗೆ ಬೆಳಗಿಂದ ಸಂಜೆಗಂಟ ಕೆಮ್ಮಿನೋರು, ಮಕ್ಕಳು, ಬಸುರೇರು. ಇಲ್ಲಿ ಈಗ ಚಳಿಗಾಲ. ನಿಮಗೆ ಆಷಾಢದ ಗಾಳಿ, ನಮಗೆ ಹಿಮ. ನಾಲ್ಕು ದಿನದಿಂದ ರಸ್ತೆ ಮುಚ್ಚೈತೆ, ಗ್ಯಾಸ್ ಸಿಲಿಂಡರ್ ಬಂದಿಲ್ಲ. ನಂಗೆ ಸಾಕಾಗೈತೆ ಕಣಕ್ಕ. ಬೆಳಿಗ್ಗೆ ಎದ್ದು ಬೂಟು ಹಾಕ್ಕಣಾಕೆ ಬಗ್ಗಿದ್ರೆ, ಹಂಗೇ ಮಲಿಕ್ಕಂಬಿಡಾಣ ಅನ್ನಿಸ್ತೈತೆ. ಐವತ್ತಾತಲ್ಲ. ಪ್ರತಿ ಭಾನುವಾರ ಚರ್ಚಿನ ಸಭೆಯಾಗೆ ಒಬ್ಬೊಬ್ಬರೇ ಎದ್ದು ಆ ವಾರದಾಗೆ ಯಾವುದಕ್ಕೆ ದೇವರಿಗೆ ಸ್ತೋತ್ರ ಹೇಳ್ತೀವಿ ಅಂತ ಹೇಳ್ಬೇಕು. ಮೊದಮೊದಲು ನಂಗೆ ಮಾತೇ ನಿಲ್ತಿರಲಿಲ್ಲ, ಪಾಸ್ಟರೇ ಕೈ ಸನ್ನೆ ಮಾಡಿ ಕೂರಿಸ್ತಿದ್ರು. ಈಗೀಗ ಎದ್ದು ನಿಂತ್ರೆ ಏನೂ ಹೊಳೆಯಾಕಿಲ್ಲ. ಬಾಯಿಪಾಠ ಒಪ್ಪಿಸಿದಂಗೆ ಗಾಳಿಗೆ, ನೀರಿಗೆ, ಆರೋಗ್ಯಕ್ಕೆ ಅಂತ ಹೇಳಿ ಕುಂತ್ಕಂತೀನಿ.

ಇಲ್ಲಿ ನನ್ನ ಕೆಲಸ ಗೊತ್ತಲ್ಲ, ಕುರಿಗಳದ್ದು. ಹಿರಿಯೂರು ದನದ ಆಸ್ಪತ್ರೆಯಾಗೆ ಕಲ್ತಿದ್ದು, ಜಂತಿನ ಔಷಧಿ ಕುಡಿಸೋದು, ಗೊರಸು ಕೊಳೆತ್ರೆ ಕೆತ್ತೋದು. ಇಲ್ಲೂ ಎಲ್ರೂ ಕುರಿಯೋರೇ. ಗಂಡಸ್ರು ಹೆಂಗಸ್ರು ಎಲ್ಲಾ ಕಂಬಳಿ ಹೊದ್ದಿರ್ತಾರೆ. ಊಟ ಮೆಕ್ಕೆಜೋಳದ ಬಿಳಿ ಮುದ್ದೆ, ಜೊತೆಗೆ ಸೊಪ್ಪು. ಮೊದಲನೇ ದಿನ ನೋಡಿ, ಅಯ್ಯೋ ಇದು ನಮ್ಮೂರೇ ಅಂದ್ಕಂಡಿದ್ದೆ. ಅಲ್ಲೇ ನಾನು ಎಡವಿದ್ದು.

ನೆನಪೈತಾ, ಸುಗ್ಗಿ ಮುಗಿದ ಮೇಲೆ ನಾವು ಮಂದೆ ಹೊಡ್ಕಂಡು ಹೊಸದುರ್ಗ ದಾಟಿ ಹೊರಕೆರೆದೇವರಪುರದ ಕಡೆಗೆ ಹೋಗ್ತಿದ್ವಲ್ಲ? ರಾತ್ರಿ ಒಬ್ಬೊಬ್ಬರ ಹೊಲದಾಗೆ ಕುರಿ ನಿಲ್ಲಿಸಿದ್ರೆ, ಹಿಕ್ಕೆ ಉಚ್ಚೆ ಎಲ್ಲಾ ಮಣ್ಣಿಗೆ ಬಿದ್ದು ಗೊಬ್ಬರ ಆಗೋದು. ಈರಬಸಪ್ಪನೋರು ಹೊಲದ ಬದುವಿನಾಗೆ ನಿಂತ್ಕಂಡು, “ಏ ಚಿತ್ತಮ್ಮ, ಇನ್ನೆರಡು ದಿನ ನಿಲ್ಲಿಸವ್ವ, ನಿನ್ನ ಕುರಿ ಕಾಲಿಟ್ಟ ಕಡೆ ರಾಗಿ ತೂಗ್ತೈತೆ” ಅನ್ನೋರು. ನೀನು ಸೆರಗು ಬಿಗಿದು, “ಜೋಳ ಇನ್ನೊಂದು ಸೇರು ತೂಗಿದ್ರೆ ನಿಲ್ಲಿಸ್ತೀನಿ ಗೌಡ್ರೆ” ಅಂತಿದ್ದೆ. ಅದನ್ನೇ ಇಲ್ಲಿ ಹೇಳಿಕೊಟ್ಟೆ. ಇವರು ಮನೆ ಪಕ್ಕದಾಗೆ ಕಲ್ಲಿನ ರೊಪ್ಪ ಕಟ್ಟಿ ರಾತ್ರಿ ಕುರಿ ಕೂಡ್ತಾರೆ. ರೊಪ್ಪದಾಗೆ ಯಾಕ್ರಪ್ಪ ಗೊಬ್ಬರ ದಂಡ ಮಾಡ್ತೀರಿ, ಹೊಲದಾಗೆ ನಿಲ್ಲಿಸ್ರಿ ಅಂತ ಮನೆಮನೆಗೆ ಹೋಗಿ ಹೇಳ್ದೆ. ನನ್ನ ಹರುಕು ಇಂಗ್ಲಿಷನ್ನ ಪಾಸ್ಟರು ಅವರ ಮಾತಿಗೆ ತಿರುಗಿಸಿ ಹೇಳಿದ್ರು. ಎಲ್ರೂ ತಲೆದೂಗಿದ್ರು. ಈ ಸಲ ಜೋಳ ಆಳೆತ್ತರ ಬಂತಕ್ಕ. ಮನೆ ತುಂಬ ಕಾಳು. ನಾನಂತೂ ನೆಲದ ಮೇಲೇ ನಡೀತಿರಲಿಲ್ಲ.

ಹೋದ ತಿಂಗಳು ಹಿಮ ಶುರುವಾದ ಮೇಲೆ ರೋಜಾ ಒಂದಿನ ಸಂಜೆ ಮನೆಗೆ ಬಂದು ಬ್ಯಾಗು ಕೂಡ ಇಳಿಸಲಿಲ್ಲ. ಇಲ್ಲಿ ಮಮೆಲ್ಲೋ ಅಂತ ಒಬ್ಬ ಅಜ್ಜಿ ಐತೆ, ಒಂಟಿ, ಎಪ್ಪತ್ತು ದಾಟೈತೆ. ಅಜ್ಜಿಗೆ ಕೆಮ್ಮು ಅಂತ ರೋಜಾ ಅದರ ಗುಡಿಸಲಿಗೆ ಹೋಗಿದ್ಲಂತೆ. ಒಲೆ ತಣ್ಣಗಿತ್ತಂತೆ. ಮೂಲೆಯಾಗೆ ಎರಡು ಚೀಲ ಜೋಳದ ಹಿಟ್ಟು, ಬೇಯಿಸಾಕೆ ಉರಿ ಇಲ್ಲ. ಹಿಟ್ಟನ್ನ ತಣ್ಣೀರಿನಾಗೆ ಕದಡಿ ಕುಡೀತಿತ್ತಂತೆ. “ರೀ, ಈ ಊರಾಗೆ ಒಂದು ಮರ ಕಂಡಿದೀರೇನ್ರಿ ನೀವು? ಇವರು ಏನು ಉರಿಸ್ತಾರೆ ಅಂತ ಒಂದಿನಾನಾದ್ರೂ ಕೇಳಿದ್ರಾ?” ಅಂದ್ಲು.

ಕುರಿಹಿಕ್ಕೆ ಉರಿಸ್ತಾರೆ ಕಣಕ್ಕ. ರೊಪ್ಪದಾಗೆ ಕುರಿ ತುಳಿದು ತುಳಿದು ಗಟ್ಟಿಯಾದ ಹಿಕ್ಕೆನ ಹಾರೆಯಾಗೆ ಹೆಂಟೆ ಹೆಂಟೆ ಎಬ್ಬಿಸಿ, ಒಣಗಿಸಿ, ಗೋಡೆ ಮೇಲೆ ಪೇರಿಸಿ ಇಟ್ಕಂತಾರೆ. ಚಳಿಗಾಲಕ್ಕೆಲ್ಲಾ ಅದೇ ಸೌದೆ. ಆ ಹೆಂಟೆಗಳನ್ನ ನಾನು ದಿನಾ ನೋಡಿದೀನಿ! ಗೋಡೆ ಕಟ್ಟಾಕೆ ಇಟ್ಟಿದಾರೆ ಅಂದ್ಕಂಡಿದ್ದೆ. ಸಗಣಿ ತಟ್ಟಿದ್ರೆ ಬೆರಣಿ, ಅದು ಒಲೆಗೆ. ಹಿಕ್ಕೆ ಅಂದ್ರೆ ಗೊಬ್ಬರ, ಅದು ಹೊಲಕ್ಕೆ. ಕುರಿಹಿಕ್ಕೆ ಒಲೆಗಿಟ್ಟೋರನ್ನ ನೀನು ಎಲ್ಲಾದ್ರೂ ಕಂಡಿದೀಯಾ? ನಿನ್ನ ಹಿಂದೆ ಮಂದೆ ತಿರುಗಿ ಬೆಳೆದೋನಿಗೆ ಅದು ಹೊಳೀಲೇ ಇಲ್ಲ. ಹೋದ ವರ್ಷ ಹಳೇ ಹೆಂಟೆ ಇದ್ವು, ನಡೀತು. ಈ ವರ್ಷ ರೊಪ್ಪ ಖಾಲಿ, ಗೋಡೆನೂ ಖಾಲಿ.

ಪಾಸ್ಟರನ್ನ ಕರ್ಕಂಡು ಮಮೆಲ್ಲೋ ಅಜ್ಜಿ ಹತ್ರ ಓಡಿದೆ. ಯಾಕಜ್ಜಿ ನಂಗೆ ಹೇಳಲಿಲ್ಲ ಅಂತ ಕೇಳ್ದೆ. ಕೆಮ್ಮುತ್ತಾ ಕೆಮ್ಮುತ್ತಾ ನಕ್ಕುಬಿಡ್ತು. ಪಾಸ್ಟರು ತಿರುಗಿಸಿ ಹೇಳಿದ್ರು: “ನೀನು ಅಷ್ಟು ದೂರದಿಂದ ಬಂದು, ಅಷ್ಟು ಖುಷಿಯಾಗಿ ಹೇಳ್ತಿದ್ದೆ ಮಗ. ಹೆಂಗೆ ತಡೀಲಿ?” ನಾನು ಅಲ್ಲೇ ಹೊಸಲು ಮೇಲೆ ಕುಂತುಬಿಟ್ಟೆ. ಸೇವೆ ಸೇವೆ ಅಂತ ದೇಶ ಬಿಟ್ಟು ಬಂದೋನು ಒಂದು ಮುದುಕಿ ಒಲೆ ಆರಿಸಿದೆ.

ಹೋದ ಭಾನುವಾರ ಸಭೆಯಾಗೆ ನನ್ನ ಸರದಿ ಬಂದಾಗ ಸ್ತೋತ್ರ ಹೇಳಲಿಲ್ಲ. ತಪ್ಪಾತು, ನಿಮ್ಮ ಒಲೆ ಆರಿಸಿದೀನಿ, ಕ್ಷಮಿಸ್ರಿ ಅಂದೆ. ಹಿಂದಿನ ಬೆಂಚಿನಿಂದ ಯಾರೋ ಏನೋ ಅಂದ್ರು, ಇಡೀ ಸಭೆ ನಕ್ತು. ಏನಂದ್ರು ಅಂತ ಪಾಸ್ಟರನ್ನ ಕೇಳಿದ್ರೆ, “ಅವನ ಮಾತು ನಾನು ಅರ್ಧಾನೇ ಕೇಳಿದ್ದೆ, ಅದಕ್ಕೇ ನಮ್ಮನೇಲಿ ಇನ್ನೂ ಹೊಗೆ ಬರ್ತೈತೆ” ಅಂದ್ರಂತೆ. ನಾಚಿಕೆಯಾದ್ರೂ ನಂಗೂ ನಗು ಬಂತು. ಅವತ್ತು ಸಾಯಂಕಾಲ ಬಾಗಿಲು ತೆಗೆದ್ರೆ, ಮೆಟ್ಟಿಲ ಮೇಲೆ ಹನ್ನೊಂದು ಹೆಂಟೆ ಇದ್ವಕ್ಕ. ಸಿಲಿಂಡರ್ ಮುಗೀತಾ ಬಂದೈತೆ ಅಂತ ರೋಜಾ ಯಾರ ಹತ್ರಾನೋ ಅಂದಿದ್ಲಂತೆ, ಮನೆಗೊಂದು ತಂದಿಟ್ಟು ಹೋಗಿದ್ರು. ಅಲ್ಲಿ ಇಲ್ಲಿ ಕೆರೆದು ಉಳಿಸ್ಕಂಡಿದ್ರಾಗೇ, ಇಲ್ಲದಿರೋರು! ಅದರಾಗೆ ಒಂದು ಸಣ್ಣದು, ಅಂಗೈ ಅಗಲದ್ದು. ಅದು ಅಜ್ಜಿದು ಅಂತ ಕೇಳದೇನೇ ಗೊತ್ತಾತು. ಗ್ಯಾಸ್ ಮುಗಿದ ಮೇಲೆ ಅವನ್ನೇ ಉರಿಸಿದ್ವಿ. ಹೊಗೆ ಜಾಸ್ತಿ, ವಾಸನೆ ನಮ್ಮ ಮಂದೆದೇ. ರೋಜಾ ಮುದ್ದೆ ತಿರುವಿದ್ಲು. ಎಷ್ಟೋ ತಿಂಗಳ ಮೇಲೆ ಅವತ್ತು ಊಟದ ಮುಂದೆ ಪ್ರಾರ್ಥನೆ ಮಾಡಾಕೆ ಬಾಯಿ ತೆಗೆದೋನಿಗೆ ಮಾತು ಬಂತು. ದಣಿವು ಹೋಗ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ದಣಿವಿನ ಜೊತೆಗೇ ಖುಷೀನೂ ಬಂತು.

ಈಗ ಅಜ್ಜಿನೇ ತೀರ್ಮಾನ ಹೇಳೈತೆ. ಬಿತ್ತನೆಗೆ ಮುಂಚೆ ಒಂದು ತಿಂಗಳು ಕುರಿ ಹೊಲದಾಗೆ, ಮಿಕ್ಕ ತಿಂಗಳೆಲ್ಲಾ ರೊಪ್ಪದಾಗೆ. ನಂಗೆ ಯಾಕೆ ಇದು ಮೊದ್ಲೇ ಹೊಳೀಲಿಲ್ಲ ಅಂದ್ರೆ, ನಾನು ಕೇಳಲೇ ಇಲ್ಲ, ಅದಕ್ಕೆ.

ಹೂಂ ಅಕ್ಕ, ಇಷ್ಟೇ. ಕಾಲಿಗೆ ಪಟ್ಟಿ ಕಟ್ಕ. ನಿನ್ನ ಕಾಲು ಮುಟ್ಟಿದೀನಿ ಅಂತ ತಿಳ್ಕ, ಹಾಲಸ್ವಾಮಿಗೆ ದೇವರು ಒಳ್ಳೇದು ಮಾಡ್ಲಿ. ನಿನ್ನ ತಮ್ಮ, ಓಬಳೇಶ.

ಅಕ್ಕ, ಇನ್ನೊಂದು. ಇದು ಬೇರೆ ಕಳಿಸ್ತಿದೀನಿ, ಮೊದಲಿನದರಾಗೆ ಹೇಳಾಕೆ ಧೈರ್ಯ ಬರಲಿಲ್ಲ. ಕಂಬಳಿ ಮಮೆಲ್ಲೋ ಅಜ್ಜಿ ಹೊದ್ದೈತೆ. ಬೈ, ಬೈಸ್ಕಂತೀನಿ. ಮತ್ತೆ, ನಾನು ದೀಪಾವಳಿಗೆ ಬರಾಕಿಲ್ಲ. ಇನ್ನೊಂದು ವರ್ಷ ಇರ್ತೀವಿ ಅಂತ ನಿನ್ನೆ ಸಹಿ ಹಾಕಿದ್ವಿ. ರೊಪ್ಪದಾಗೆ ಹೊಸ ಹೆಂಟೆ ಏಳೋದು ಮುಂದಿನ ಚಳಿಗಾಲಕ್ಕೆ. ಆ ಒಲೆ ಉರಿಯೋದು ನೋಡದೆ ಹೆಂಗಕ್ಕ ಬರ್ಲಿ? ನಿನ್ನ ಕಾಲು ತಡೆಯಾಕಿಲ್ಲ, ಗೊತ್ತು. ಕುರಿ ಮಾರ್ಬಿಡು. ಮೂವತ್ತೂ ಮಾರ್ಬಿಡು, ನನ್ನ ಮುಖ ನೋಡಬ್ಯಾಡ. ಕೊಡೋಕೆ ಮುಂಚೆ ಒಂದ್ಸಲ ಉಣ್ಣೆ ಮಾತ್ರ ಕತ್ತರಿಸಿಟ್ಕ, ಒಂದು ಕಂಬಳಿಗಾಗೋಷ್ಟು. ಬಂದ ಮೇಲೆ ನೀನು ನೂಲು, ನಾನು ನಿನ್ನ ಪಕ್ಕದಾಗೆ… ಹಾಂ, ಬಂದೆ ಕಣೇ! ರೋಜಾ ಕೂಗ್ತಿದಾಳೆ, ಅಜ್ಜಿ ಬಂದೈತಂತೆ, ಕಂಬಳಿ ಹೊದ್ಕಂಡು. ಇಡ್ತೀನಕ್ಕ.