ಬಟ್ಟಲಿಗಿಳಿಯದ ಹಾವು

ಬಿಯಾಕ್ ದ್ವೀಪ, ಜುಲೈ 14, ಮಂಗಳವಾರ

ಮರದ ಹಾವಿನ ಕಥೆಯನ್ನು ಮೊದಲು ಹೇಳಿದವನು ಅಪ್ಪ, ನನಗೆ ಆರು ವರ್ಷವಿದ್ದಾಗ, ಒಂದು ರಾತ್ರಿ ಸಾಗು ಮರದ ಹಿಟ್ಟಿನ ಗಂಜಿ ಉಂಡ ಮೇಲೆ. ನೆಲ ಒಮ್ಮೆ ಹಾವನ್ನು ಹಂಗಿಸಿತಂತೆ. ಅಂದಿನಿಂದ ಅದು ನೀರಿಗೆಂದು ಕೆಳಗಿಳಿಯದೆ, ತನ್ನ ಮೈಮೇಲೆ ಬಿದ್ದ ಮಳೆಹನಿಯನ್ನಷ್ಟೇ ಹೀರುತ್ತದಂತೆ.

ಇದನ್ನು ನಾನು ಹೇಗೆ ಮರೆತೆ? ಮಗಳು ಸೆಲ್ಫಿನಾ ಮೊದಲ ಸಲ ಪ್ರಾಣಿಯೊಂದನ್ನು ಸಾಕಲು ಹೊರಟವಳು, ನೀಲಿ ನಾಲಿಗೆಯ ಹಲ್ಲಿಯನ್ನು ಬಿಟ್ಟು ಮರದ ಹಾವಿನ ಈ ಹಳದಿ ಮರಿಯನ್ನೇ ಆರಿಸಿದಳು. ನಾನು ಒಪ್ಪಿ, ಗೂಡಿನ ತಳದಲ್ಲಿ ನೀರಿನ ಬಟ್ಟಲಿಟ್ಟೆ. ಆರು ದಿನವಾಯಿತು, ಅದು ಕೊಂಬೆಯಿಂದ ಇಳಿದಿಲ್ಲ. ಚರ್ಮ ಸುಕ್ಕುಗಟ್ಟಿದೆ.

ಸಂಜೆ ಅಣ್ಣ ಕೊರ್ನೆಲೆಸ್ ಅಡಿಕೆ ಜಗಿಯುತ್ತಾ ಬಂದು ನೋಡಿದ.

"ಬಟ್ಟಲಿಟ್ಟು ಊಟಕ್ಕೆ ಕರೆದೆಯೇನೇ? ಅಪ್ಪ ನೋಡಿದ್ರೆ ಗೋರಿಯಿಂದ ಎದ್ದು ಬರ್ತಿದ್ದ."

"ನಗಬೇಡ ಅಣ್ಣ. ಈಗೇನು ಮಾಡ್ಲಿ, ಅದನ್ನ ಹೇಳು."

"ಮೈಮೇಲೆ ನೀರು ಚಿಮುಕಿಸು. ಕುಡಿದ್ರೆ ಉಳೀತು."

ಚಿಮುಕಿಸಿದೆ. ಹನಿಗಳು ಅದರ ಸುರುಳಿಯ ಮೇಲೆ ಹಾಗೇ ನಿಂತಿವೆ, ಅದು ತಲೆಯೆತ್ತಿಲ್ಲ. "ಕುಡೀತಾ ಅಮ್ಮಾ?" ಎಂದು ಕೇಳಿ ಕೇಳಿ ಸೆಲ್ಫಿನಾ ಗೂಡಿನ ಪಕ್ಕದಲ್ಲೇ ನಿದ್ದೆಹೋದಳು. ಕಾಡಿಗೆ ಬಿಟ್ಟು ಬರೋಣವೆಂದರೆ ಕೊಂಬೆ ಹಿಡಿಯುವಷ್ಟು ಕಸುವಾದರೂ ಅದಕ್ಕೆ ಉಳಿದಿದೆಯೋ ಇಲ್ಲವೋ. ಇನ್ನೇನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ.

ಅಪ್ಪನ ಕಥೆ ಕೇಳಿದ ಮರುದಿನ ಬೆಳಿಗ್ಗೆ ಅಣ್ಣನೂ ನಾನೂ ಎದ್ದವರೇ ಬಾಯ್ತುಂಬ ನೀರು ತುಂಬಿಕೊಂಡು ಹಾವು ಕುಡಿಯಲೆಂದು ಅಂಗಳದ ದೀವಿಹಲಸಿನ ಎಲೆಗಳಿಗೆಲ್ಲ ಉಗುಳಿದ್ದೆವು. ಆ ಮರದಲ್ಲಿ ಒಂದು ಹಾವೂ ಇರಲಿಲ್ಲ.