ದೊಡ್ಡಮ್ಮನಿಗೆ ಕಡಿಮೆಬಿದ್ದ ಒಂದು ಗಂಟೆ

ಮಾನ್ಯ ಕಾರ್ಮಿಕ ಅಧಿಕಾರಿಗಳೇ,

ಈಗ ರಾತ್ರಿ ಎರಡೂ ಮುಕ್ಕಾಲು. ನನ್ನನ್ನು ಎಬ್ಬಿಸಿದ್ದು ಎಂಟು ತಿಂಗಳ ಮಗಳ ಅಳುವಲ್ಲ, ದಿಂಬಿನ ಕೆಳಗೆ ಗುರುಗುಟ್ಟಿದ ಫೋನು. ಮಗಳು ಆಮೇಲೆ ಎದ್ದಳು. ಈಗ ತೊಡೆಯ ಮೇಲಿದ್ದಾಳೆ, ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಫೋನು ಮಾಡಿದ್ದು ನಮ್ಮ ಚಿಕ್ಕಮ್ಮ. ನನ್ನ ಸ್ವಂತ ಚಿಕ್ಕಮ್ಮನಲ್ಲ, ನಾನು ನಡೆಸುವ ಶಿಶುಪಾಲನಾ ಕೇಂದ್ರದ ಹನ್ನೊಂದು ಮಕ್ಕಳಿಗೆ ಚಿಕ್ಕಮ್ಮ. ಅವರ ಮಗನ ಮೈ ಕೆಂಡವಾಗಿದೆಯಂತೆ, ಬೆಳಗ್ಗೆ ಆರಕ್ಕೆ ಬರಲಾಗದಂತೆ.

ಬದಲಿಗೆ ಇನ್ನೊಬ್ಬ ಆಯಾ, ನಮ್ಮ ದೊಡ್ಡಮ್ಮ, ಬರಲು ಸಿದ್ಧ. ಆದರೆ ಆಕೆ ನಿನ್ನೆ ರಾತ್ರಿ ಎಂಟಕ್ಕೆ ಕೆಲಸ ಬಿಟ್ಟವರು. ನಿಮ್ಮ ಹೊಸ ನಿಯಮದ ಪ್ರಕಾರ ಎರಡು ಪಾಳಿಗಳ ನಡುವೆ ಹನ್ನೊಂದು ಗಂಟೆ ಬಿಡುವಿರಬೇಕು. ಎಂಟರಿಂದ ಆರಕ್ಕೆ ಎಷ್ಟು ಎಣಿಸಿದರೂ ಹತ್ತೇ. ತುರ್ತಿಗೆ ವಿನಾಯಿತಿ ಉಂಟು, ಅದಕ್ಕೆ ಮೊದಲೇ ನಿಮ್ಮ ಒಪ್ಪಿಗೆ ಬೇಕು, ನಿಮ್ಮ ಕಚೇರಿಯ ಬಾಗಿಲು ತೆರೆಯುವುದು ಹತ್ತಕ್ಕೆ. ಅಷ್ಟು ಹೊತ್ತಿಗೆ ಎಂಥ ತುರ್ತಾದರೂ ತಾನಾಗಿ ತಣ್ಣಗಾಗುತ್ತದೆ. ಅದೇ ಉದ್ದೇಶವೋ?

ನಾನು ಕಾಯಿದೆಯ ವೈರಿಯಲ್ಲ. ಪದವಿ ಮುಗಿಸಿ ಮೂರು ವರ್ಷ ಚಪ್ಪಲಿ ಅಂಗಡಿಯಲ್ಲಿ ನಿಂತವಳು. ಬಸ್ಸು ಹತ್ತಿದ ಮೇಲೆ ಮಾಲೀಕರ ಫೋನು ಬರುತ್ತಿತ್ತು: "ಇವತ್ತು ಗಿರಾಕಿ ಇಲ್ಲಮ್ಮ, ಬರಬೇಡ." ಆ ದಿನದ ಕೂಲಿ ಗೋತಾ. ನಿಮ್ಮ ಕಾಯಿದೆ ಬಂದಾಗ ಮಗಳು ಬೆಚ್ಚಿ ಏಳುವಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದೇನೆ. ಕನಿಷ್ಠ ಕೂಲಿ ಏರಿಸಿದಿರಿ, ಕೊಟ್ಟೆ. ಮೂರನೆಯ ಆಯಾಳನ್ನು ಇಟ್ಟುಕೊಳ್ಳುವ ತ್ರಾಣ ಉಳಿಯಲಿಲ್ಲ, ಅವಳ ಜಾಗದಲ್ಲಿ ನಾನೇ ನಿಂತೆ. ನನಗೆ ಕನಿಷ್ಠ ಕೂಲಿಯೂ ಇಲ್ಲ, ಬಿಡುವೂ ಇಲ್ಲ. ತೊಡೆಯ ಮೇಲಿರುವ ಯಜಮಾನಿಗೆ ನಿಮ್ಮ ಸುತ್ತೋಲೆ ಇನ್ನೂ ತಲುಪಿಲ್ಲ.

ನೀವು ವಿಧಿಸಿದಂತೆ ಪಾಳಿ ಪಟ್ಟಿಯನ್ನು ಹದಿನಾಲ್ಕು ದಿನ ಮೊದಲೇ ಗೋಡೆಗೆ ಅಂಟಿಸುತ್ತೇನೆ. ಹೋದ ತಿಂಗಳು ಒಂದು ಕೂಸು ಪಟ್ಟಿಯನ್ನು ಲೆಕ್ಕಿಸದೆ ಚಿಕ್ಕಮ್ಮನ ಮೈಮೇಲೆ ಕಕ್ಕಿಬಿಟ್ಟಿತು. ಬಟ್ಟೆ ಬದಲಿಸಲು ಅವರು ಮನೆಗೆ ಹೋದ ಅರ್ಧ ಗಂಟೆ, ಬೇಗ ಬಂದಿದ್ದ ದೊಡ್ಡಮ್ಮ ನಿಂತರು. ಅದೇ ಅರ್ಧ ಗಂಟೆಯಲ್ಲಿ ನಿಮ್ಮ ತಪಾಸಣೆಯವರು ಬಂದರು. ಅವರು ಮಾತ್ರ ಯಾರಿಗೂ ಮುಂಚೆ ತಿಳಿಸಬೇಕಿಲ್ಲವಲ್ಲ. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಪಾಳಿ ಬದಲಿಸಿದ್ದಕ್ಕೆ ಎಚ್ಚರಿಕೆ ಪತ್ರ ಸಿಕ್ಕಿತು. ಇನ್ನೊಂದು ತಪ್ಪಾದರೆ ಪರವಾನಗಿ ರದ್ದು.

ನಾನೊಬ್ಬಳೇ ಬಾಗಿಲು ತೆರೆಯಲೇ? ಒಬ್ಬರಿಗೆ ಆರೇ ಮಕ್ಕಳು, ಅದೂ ನಿಮ್ಮದೇ ನಿಯಮ. ಉಳಿದ ಐವರನ್ನು ಹೊಸಿಲಿನಿಂದಲೇ ತಿರುಗಿಸಬೇಕು. ಒಬ್ಬನ ತಾಯಿ ನರ್ಸು, ಇನ್ನೊಬ್ಬಳ ತಂದೆ ಬಸ್ ಚಾಲಕ; ದೊಡ್ಡಮ್ಮನ ಹನ್ನೊಂದು ಗಂಟೆ ತುಂಬಿ ಏಳಾಗುವವರೆಗೆ ಅವರ ಪಾಳಿ ಕಾಯದು. ನಿಮ್ಮ ಗುಮಾಸ್ತರು ಹತ್ತಕ್ಕೆ ಕಚೇರಿ ಮುಟ್ಟುವುದು ಬಹುಶಃ ಆತನ ಬಸ್ಸಿನಲ್ಲೇ.

ಇದನ್ನೆಲ್ಲ ದೊಡ್ಡಮ್ಮನಿಗೆ ಫೋನಿನಲ್ಲಿ ವಿವರಿಸಿದೆ. ಅವರು ಕೇಳಿದರು: "ನಾಲ್ಕು ಹೆತ್ತವಳು ನಾನು, ಹತ್ತು ಗಂಟೆ ಬಿಡುವು ಅನ್ನೋದನ್ನ ಕಂಡೇ ಇಲ್ಲ. ಅದೂ ಸಾಲದು ಅಂತಾರಲ್ಲ, ಆ ಸಾಹೇಬರಿಗೆ ಮಕ್ಕಳಿಲ್ವೇನಮ್ಮ?"

ನಮ್ಮಂಥ ಪುಟ್ಟ ಜಾಗಗಳಲ್ಲಿ ಕೆಲಸದವರೇ ಮನಸಾರೆ ಒಪ್ಪಿ ಅದಲುಬದಲಾದರೆ ಅವರ ಸಹಿಯೇ ಸಾಕೆನ್ನಿ. ರಾತ್ರಿಯೂ ಎತ್ತುವ ಒಂದು ಫೋನು ಇಡಿ. ಇವು ನಿಧಾನಕ್ಕಾಗಲಿ. ಸದ್ಯಕ್ಕೆ ನಿಮ್ಮದೊಂದು "ಹೂಂ" ಬೇಕು. ಈ ಪತ್ರವನ್ನು ನಿಮ್ಮ ಕಚೇರಿಯ ಪುಟದಲ್ಲೂ ನಮ್ಮ ಬೀದಿಯವರ ಗುಂಪಿನಲ್ಲೂ ಹಾಕುತ್ತಿದ್ದೇನೆ, ಯಾರಾದರೂ ನಿಮ್ಮನ್ನು ಎಬ್ಬಿಸಿಯಾರು. ಮಲಗಿ ಎಂದರೂ ಕೇಳದೆ ದೊಡ್ಡಮ್ಮ ನಿಮ್ಮ ಅಪ್ಪಣೆಗೆ ಕಾಯುತ್ತ ಎದ್ದು ಕೂತಿದ್ದಾರೆ. ಅವರ ಹತ್ತು ಗಂಟೆಯಲ್ಲೂ ಮೂರು ಹೀಗೇ ಹೋಗುತ್ತಿವೆ.

ಇಂತಿ,
ಯಾವ ಪಾಳಿಯಲ್ಲೂ ಹೆಸರಿಲ್ಲದ ಒಬ್ಬ ತಾಯಿ

ನನ್ನ ನಂಬರು ನೀವು ಕಳಿಸಿದ ಎಚ್ಚರಿಕೆ ಪತ್ರದಲ್ಲೇ ಇದೆ. ದೊಡ್ಡಮ್ಮ ಐದೂವರೆಗೆ ಮನೆ ಬಿಡಬೇಕು. ಅದಕ್ಕೆ ಮೊದಲು ಒಂದು ಫೋನು ಮಾಡಿ, ದಮ್ಮಯ್ಯ. ಮಗಳು ಈಗಷ್ಟೇ ಮತ್ತೆ ಮಲಗಿದ್ದಾಳೆ, ಎದ್ದರೆ ಏಳಲಿ.